ಅರ್ಜಿಯಲ್ಲಿ ಆಟಿಸಂ: ಹೇಳುವುದೆ, ಹೇಳದಿರುವುದೆ?

ಉದ್ಯೋಗವನ್ನು ಅರಸಿ ಹೊರಟ ತರುಣನಿಗೋ ತರುಣಿಗೋ ತನ್ನ ಆಟಿಸಂ, ಎಂದರೆ ಸ್ವಲೀನತೆಯ ಸಂಗತಿಯನ್ನು ಅರ್ಜಿಯಲ್ಲಿಯೆ ತಿಳಿಸಬೇಕೆ ಬೇಡವೆ ಎಂಬ ಪ್ರಶ್ನೆ ಎದುರಾದಾಗ, ಸರ್ವರಿಗೂ ಸಲ್ಲುವ ಒಂದೇ ಉತ್ತರ ದೊರೆಯದಿದ್ದರೂ, ಅರ್ಜಿ ಹೋಗುತ್ತಿರುವುದು ಸರ್ಕಾರಕ್ಕೋ ಖಾಸಗಿಯವರಿಗೋ ಎಂಬುದನ್ನು ಮೊದಲು ನೋಡಿಕೊಂಡರೆ ಉತ್ತರದ ಬಹುಭಾಗ ಸ್ಪಷ್ಟವಾಗುವುದು.

ಸರ್ಕಾರಿ ಹುದ್ದೆಯ ಮಾತು ಸುಲಭ. 1995ರ ವಿಕಲಚೇತನರ ಕಾಯಿದೆಯಲ್ಲಿ ಹೆಸರೇ ಇಲ್ಲದಿದ್ದ ಆಟಿಸಂ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ವೈಕಲ್ಯಗಳಲ್ಲಿ ಒಂದಾಯಿತು. ಆ ಶಾಸನ ವಿಧಿಸಿದ ಕನಿಷ್ಠ ಶೇ. 4ರ ಮೀಸಲಾತಿಯಲ್ಲಿ ಶೇ. 1ರಷ್ಟು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ವೈಕಲ್ಯ, ಮಾನಸಿಕ ಅಸ್ವಸ್ಥತೆ ಹಾಗೂ ಬಹುವೈಕಲ್ಯಗಳಿಗೆ ಒಟ್ಟಾಗಿ ಸಲ್ಲತಕ್ಕದ್ದು. ಅದನ್ನು ಬಯಸುವವರು ವೈಕಲ್ಯವು ಶೇ. 40ಕ್ಕೆ ಕಡಿಮೆಯಿಲ್ಲವೆಂಬ ಪ್ರಮಾಣಪತ್ರವನ್ನು ಲಗತ್ತಿಸಲೇಬೇಕಾದುದರಿಂದ ಅಲ್ಲಿ ಮೌನಕ್ಕೆ ಎಡೆಯಿಲ್ಲ.

ಖಾಸಗಿ ಕೆಲಸದ ವಿಚಾರ ಇಷ್ಟು ನೇರವಲ್ಲ. ನಮ್ಮ ಶಿವಮೊಗ್ಗದ ಕಡೆಯನ್ನೆ ನೋಡೋಣ. 1923ರಲ್ಲಿ ಆರಂಭಗೊಂಡ ಕಬ್ಬಿಣದ ಕಾರ್ಖಾನೆ ಮತ್ತು ಅನಂತರ ಬಂದ ಎಂ.ಪಿ.ಎಂ. ಎಂಬ ಕಾಗದದ ಕಾರ್ಖಾನೆಗಳ ಆಶ್ರಯದಲ್ಲಿ ಬೆಳೆದ ಭದ್ರಾವತಿಯ ಕಾಲೊನಿಗಳಲ್ಲಿ ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ತಿಳಿಯದೆ ಇರುತ್ತಿರಲಿಲ್ಲ. ಎಂ.ಪಿ.ಎಂ.ನಲ್ಲಿ ಉತ್ಪಾದನೆ ನಿಂತು, ಅಲ್ಲಿಯ ಯುವಕರು ಮಾಚೇನಹಳ್ಳಿಯ ಕಾರ್ಖಾನೆಗಳಿಗೋ ಶಿವಮೊಗ್ಗದ ಕಚೇರಿಗಳಿಗೋ ಅರ್ಜಿ ಹಿಡಿದು ಹೋಗುವ ಈ ದಿನಗಳಲ್ಲಿಯೂ ಸಂದರ್ಶನದಲ್ಲಿ “ಯಾರ ಮನೆ ಹುಡುಗನಪ್ಪಾ ನೀನು?” ಎಂಬ ಪ್ರಶ್ನೆಯೆ ಮೊದಲು ಬರುವುದುಂಟು. ಇಂಥ ಊರುಗಳಲ್ಲಿ ಒಮ್ಮೆ ಆಡಿದ ಮಾತು ತಂಗಿಯ ಮದುವೆಯ ಮಾತುಕತೆಯವರೆಗೂ ಹಬ್ಬೀತೆಂಬ ತಾಯಿತಂದೆಯರ ಭಯ ನಿರಾಧಾರವಲ್ಲ. ಆದಕಾರಣ, ಹೇಳದೆ ಉಳಿದವರನ್ನು ಅಪ್ರಾಮಾಣಿಕರೆಂದು ಎಣಿಸುವುದು ಅನ್ಯಾಯ. ಕೇಳಿದ ಪ್ರಶ್ನೆಗೆ ಸುಳ್ಳು ಬರೆಯುವುದು ಬೇರೆ, ಅದನ್ನು ಎಂದೂ ಮಾಡಕೂಡದು. ಕೇಳದಿದ್ದುದನ್ನು ಹೇಳದಿರುವುದು ಬೇರೆ.

ನನ್ನ ಮಟ್ಟಿಗೆ, ವೈದ್ಯರು ಕೊಟ್ಟ ಹೆಸರಿಗಿಂತ ಮೊದಲು ಕೆಲಸಕ್ಕೆ ಬೇಕಾದ ಅನುಕೂಲವನ್ನು ಹೇಳುವುದು ಲೇಸೆಂದು ತೋರುತ್ತದೆ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವನ್ನೆ ನೋಡೋಣ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳಿಗೆ ಬೇರೆ ಬೇರೆಯಾಗಿ ತೂಕವನ್ನೂ ದರವನ್ನೂ ಒಂದಿಷ್ಟೂ ತಪ್ಪದೆ ಬರೆಯಬಲ್ಲ ಗುಮಾಸ್ತ, ಹಮಾಲರ ಕೂಗು, ಫೋನಿನ ಸದ್ದು, ಯಜಮಾನರ ಬಾಯಿಮಾತಿನ ಅಪ್ಪಣೆ ಇವೆಲ್ಲ ಒಮ್ಮೆಗೇ ಬಂದೆರಗಿದಾಗ ದಿಕ್ಕುಗೆಡಬಹುದು. “ಒಳಗಡೆ ಮೇಜು ಕೊಡಿ ಸರ್, ಏನಾದರೂ ಬದಲಾವಣೆ ಇದ್ದರೆ ಚೀಟಿಯಲ್ಲಿ ಬರೆದುಕೊಡಿ” ಎಂಬ ಕೋರಿಕೆಗೆ ಖರ್ಚೂ ಇಲ್ಲ, ವೈದ್ಯಕೀಯ ಹೆಸರಿನ ಅಗತ್ಯವೂ ಇಲ್ಲ. ಕೆಲಸ ಸಿಕ್ಕಿ, ಮೇಲಿನವರ ಸ್ವಭಾವ ತಿಳಿದ ಮೇಲೆ ಹೆಸರನ್ನೂ ಹೇಳಬಹುದು. ಆದರೆ ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡದವನನ್ನು ಉದ್ಧಟನೆಂದೋ ಏನನ್ನೋ ಮುಚ್ಚಿಡುತ್ತಿರುವವನೆಂದೋ ತಿಳಿಯುವ ಸಂದರ್ಶಕರು ಬಹಳ. ಆದ್ದರಿಂದ ಸಂದರ್ಶನವೆ ತೊಡಕಾಗುವಂತಿದ್ದರೆ ಅದಕ್ಕೆ ಮುಂಚೆಯೆ ತಿಳಿಸುವುದು ಕ್ಷೇಮ.

ಸೂಕ್ತ ಅನುಕೂಲವನ್ನು ಒದಗಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆಗಳ ಮೇಲೆ ನೇರವಾಗಿ ಹೊರಿಸಿದ ಶಾಸನ ಖಾಸಗಿಯವರ ವಿಷಯದಲ್ಲಿ ಅಷ್ಟು ಬಿಗಿಯಾಗಿಲ್ಲವೆಂಬುದು ಖೇದಕರ. ಆದರೂ 20 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಯು ವಿಕಲಚೇತನ ನೌಕರರಿಗೆ ತಾನು ಕಲ್ಪಿಸುವ ಸೌಕರ್ಯಗಳನ್ನು ಸಮಾನ ಅವಕಾಶ ನೀತಿಯಲ್ಲಿ ಬರೆದು, ಜಾಲತಾಣದಲ್ಲಿಯೋ ಎದ್ದು ಕಾಣುವ ಸ್ಥಳದಲ್ಲಿಯೋ ಪ್ರಕಟಿಸಬೇಕು. ಅರ್ಜಿದಾರರು ಅದನ್ನು ಕೇಳಿ ಓದಲಿ. ಅಂಥ ಕಾಗದವೆ ಇಲ್ಲದ ಕಡೆ ಹೇಳುವ ಮುನ್ನ ಎರಡು ಸಲ ಯೋಚಿಸಲಿ.

ಮನಸ್ಸಿನ ವಿಚಾರಗಳನ್ನು ಸಂಕೋಚವಿಲ್ಲದೆ ಕನ್ನಡದಲ್ಲಿ ಬರೆದ ಮನೋವೈದ್ಯ ಡಾ. ಅಶೋಕ ಪೈಯವರ ಊರು ಈ ಶಿವಮೊಗ್ಗ. ಇಲ್ಲಿಯ ಕಾರ್ಖಾನೆಗಳ ಒಡೆಯರೂ ಮಂಡಿಯ ಯಜಮಾನರೂ ತಮ್ಮ ಉದ್ಯೋಗ ಪ್ರಕಟಣೆಯ ಕೆಳಗೆ, ಸಂದರ್ಶನಕ್ಕೆ ಅನುಕೂಲ ಬೇಕಾದವರು ಮುಂಚಿತವಾಗಿ ತಿಳಿಸಬಹುದೆಂಬ ಒಂದು ಸಾಲನ್ನು ಅಚ್ಚುಹಾಕಿಸಬೇಕೆಂದು ಪ್ರಾರ್ಥಿಸುತ್ತೇನೆ.