‘ವಾಂಕಿ’ ಎಂಬ ಮಾತು, ಬಾಗಳಿ ಎಂಬ ಊರು

ನಮ್ಮ ಮನೆಯ ಓದುವ ಮೇಜಿನ ಒಂದು ಕಾಲು ಕೊಂಚ ಗಿಡ್ಡ. ಮೊನ್ನೆ ಅದರ ಮೇಲೆ ಬರೆಯುತ್ತಿದ್ದ ಮಗಳು, “ಈ ಮೇಜು ವಾಂಕಿ!” ಎಂದು ಗೊಣಗಿದಳು. ಶಾಲೆಯಿಂದ ಹೊತ್ತು ತಂದ ಇಂಗ್ಲಿಷ್ ಮಾತು. ಅಜ್ಜಿ ಒಳಗಿನಿಂದಲೇ, “ಕುಂಟುತ್ತದೆ ಎನ್ನಬಾರದೇನೆ?” ಎಂದರು.

ವಾಂಕಿ ಎಂದರೆ ಓರೆಯಾದದ್ದು, ಅಲುಗಾಡುವಂಥದ್ದು, ನೆಟ್ಟಗೆ ಕೆಲಸ ಮಾಡದ್ದು. ಸಲಿಗೆಯ ನುಡಿ, ಗಂಭೀರ ಬರವಣಿಗೆಗೆ ಸಲ್ಲದು. ಈ ಒಂದು ಗುಣವಾಚಕದಲ್ಲಿ ಅಡಗಿರುವುದನ್ನು ಕನ್ನಡವು ಹಲವು ಕ್ರಿಯಾಪದಗಳಿಗೆ ಹಂಚಿಕೊಟ್ಟಿದೆ: ಹಲ್ಲು ಅಲ್ಲಾಡುತ್ತದೆ, ದೋಣಿ ಹೊಯ್ದಾಡುತ್ತದೆ, ಕುಡುಕ ತೂರಾಡುತ್ತಾನೆ. ಮೇಜಾದರೋ ಮನುಷ್ಯನಂತೆಯೇ ಕುಂಟುತ್ತದೆ!

ಇನ್ನು ಪದದ ಹುಟ್ಟು. ಇದು ಬರಹದಲ್ಲಿ ಕಾಣಿಸಿಕೊಂಡುದು ಮೊದಲನೆಯ ಮಹಾಯುದ್ಧ ಮುಗಿದ ಹೊತ್ತಿನಲ್ಲಿ, 1919ರ ಸುಮಾರಿಗೆ. ಹಳೆಯ ಇಂಗ್ಲಿಷಿನಲ್ಲಿ ‘ವಾಂಕೊಲ್’ ಎಂದರೆ ಅಸ್ಥಿರ; ಜರ್ಮನ್ ಭಾಷೆಯಲ್ಲಿ ‘ವಾಂಕೆನ್’ ಎಂದರೆ ತೂರಾಡು. ಮೂಲ ಸಿಕ್ಕಿತೆಂದು ಕೂಗಲು ನಾಲಗೆ ತವಕಿಸುತ್ತದೆ. ಆದರೆ ನಿಘಂಟುಕಾರರು ‘ಇರಬಹುದು’ ಎಂದಷ್ಟೇ ಹೇಳಿ ನಿಲ್ಲುತ್ತಾರೆ. ಧ್ವನಿ ಹೋಲಿದರೆ ಸಾಲದು, ನಡುವಣ ಕೊಂಡಿಯೂ ರುಜುವಾತಾಗಬೇಕು.

ಈ ಎಚ್ಚರವನ್ನು ನಾನು ಕಲಿತುದು ತಡವಾಗಿ, ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ದೆಸೆಯಿಂದ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಅಲ್ಲಿನ ಕಲ್ಲೇಶ್ವರ ದೇವಾಲಯಕ್ಕೆ ಕರೆದೊಯ್ದಿದ್ದೆ. ಚಾಲುಕ್ಯ ಇಮ್ಮಡಿ ತೈಲಪನ ಕಾಲದ, 987ರ ಶಾಸನವುಳ್ಳ ಗುಡಿ ಅದು. ಕಂಬಗಳ ನುಣುಪನ್ನು ನೋಡುತ್ತಿದ್ದ ಹುಡುಗಿಯೊಬ್ಬಳು ಊರ ಹೆಸರಿನ ಅರ್ಥ ಕೇಳಿದಳು. ನಾನು ಒಂದು ಕ್ಷಣವೂ ತಡೆಯದೆ, “ಬಾಗು, ಹಳ್ಳಿ, ಬಾಗಿದ ಹಳ್ಳಿ” ಎಂದುಬಿಟ್ಟೆ. ಎಲ್ಲರೂ ಭಕ್ತಿಯಿಂದ ಬರೆದುಕೊಂಡರು.

ಊರಿಗೆ ಮರಳಿ ಶಾಸನಗಳ ವಿಷಯ ಓದಿದಾಗ ಎದೆ ಧಸಕ್ಕೆಂದಿತು. ಅಲ್ಲಿ ಆ ಊರು ‘ಬಾಳ್ಗುಳಿ’! ಬಾಗುವುದೂ ಇಲ್ಲ, ಹಳ್ಳಿಯೂ ಇಲ್ಲ. ಶತಮಾನಗಳಿಂದ ಕದಲದೆ ನಿಂತ ಕಂಬಗಳ ನಡುವೆ ನಾನು ನೆಟ್ಟ ವ್ಯುತ್ಪತ್ತಿ ಒಂದು ವಾರವೂ ನಿಲ್ಲಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮಕ್ಕಳು ನಾಳೆ ಮೇಷ್ಟರಾಗುವವರು. ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡು, ಆ ಸಾಲನ್ನು ಹೊಡೆದುಹಾಕಿಸಿದೆ. ಪ್ರಶ್ನೆ ಕೇಳಿದ್ದ ಹುಡುಗಿ ಮಾತ್ರ ಅಳಿಸದೆ, ಪಕ್ಕದಲ್ಲಿ ‘ಬಾಳ್ಗುಳಿ’ ಎಂದು ಬರೆದುಕೊಂಡಳು. ಅವಳು ಮಾಡಿದ್ದೇ ಸರಿಯೆಂದು ಈಗ ಅನಿಸುತ್ತದೆ.