ತೆರವಾದ ಜಾಗದಲ್ಲೇ ವಿಷ ಸುಡುವುದು

ಮೊದಲ ಮಹಾಯುದ್ಧದಲ್ಲಿ ಇದ್ದಿಲು ತುಂಬಿದ ಮುಖವಾಡಗಳು ಕ್ಲೋರಿನ್ನನ್ನು ತಡೆದವು. ಕಾರ್ಬನ್ ಮೊನಾಕ್ಸೈಡ್ ಮಾತ್ರ ಅವುಗಳೊಳಗಿಂದ ಸರಾಗವಾಗಿ ನುಸುಳುತ್ತಿತ್ತು. ಬಣ್ಣ, ವಾಸನೆ ಎರಡೂ ಇಲ್ಲದ ಅನಿಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಹೀರಿ ಹಿಡಿಯಲಾಗದ ಇದನ್ನು ಸುಡಲೇಬೇಕು, ಅದೂ ಬೆಂಕಿಯಿಲ್ಲದೆ, ಸೈನಿಕನ ಮೂಗಿನೆದುರಲ್ಲೇ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ರಸಾಯನಜ್ಞರು ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡ್‌ಗಳನ್ನು ಬೆರೆಸಿ ಈ ಕೆಲಸ ಸಾಧಿಸಿದರು. ಅದೇ ಹಾಪ್ಕಲೈಟ್. ಲ್ಯಾಂಬ್, ಬ್ರೇ, ಫ್ರೇಜರ್ 1920ರಲ್ಲಿ ಅದರ ವಿವರ ಪ್ರಕಟಿಸಿದರು. ಕೋಣೆಯ ಉಷ್ಣತೆಯಲ್ಲೇ ಆ ಕಪ್ಪು ಕಾಳುಗಳು ವಿಷವನ್ನು ಇಂಗಾಲದ ಡೈಆಕ್ಸೈಡ್ ಆಗಿಸುತ್ತಿದ್ದವು. ಆದರೆ ತೇವ ತಗುಲಿದರೆ ಮುಗಿಯಿತು: ನೀರಿನ ಅಣುಗಳು ಮೇಲ್ಮೈಯನ್ನು ಆಕ್ರಮಿಸಿಕೊಂಡು ಅನಿಲಕ್ಕೆ ಜಾಗವನ್ನೇ ಬಿಡುವುದಿಲ್ಲ. ಹಾಗಾಗಿ ಹಾಪ್ಕಲೈಟಿನ ಮುಂದೆ ತೇವ ಹೀರುವ ಪದರವೊಂದನ್ನೂ ಇಡಬೇಕಾಯಿತು.

ಮೇಲ್ಮೈಯ ಜಾಗ ಯಾರದು ಎಂಬ ಈ ಪ್ರಶ್ನೆಯೇ ಮುಂದಿನ ನೂರು ವರ್ಷಗಳ ಕಥೆಯ ತಿರುಳು ಎಂದು ನನಗನ್ನಿಸುತ್ತದೆ.

1987ರಲ್ಲಿ ಜಪಾನಿನ ಮಸಟಾಕೆ ಹರುಟಾ ತಂಡ ಅಚ್ಚರಿಯೊಂದನ್ನು ವರದಿ ಮಾಡಿತು. ಜಡವೆಂದೇ ಹೆಸರಾದ ಚಿನ್ನ, ಕಬ್ಬಿಣ ಅಥವಾ ಕೋಬಾಲ್ಟ್ ಆಕ್ಸೈಡಿನ ಮೇಲೆ ಅತಿಸಣ್ಣ ಕಣಗಳಾಗಿ ಕೂತಾಗ, ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲೂ ಮೊನಾಕ್ಸೈಡನ್ನು ಸುಡುತ್ತಿತ್ತು. ಆ ಕಣಗಳನ್ನು ಎಣಿಸಿಟ್ಟಷ್ಟು ಪರಮಾಣುಗಳವರೆಗೆ ಕಿರಿದಾಗಿಸುವ ಪ್ರಯತ್ನ ನಡೆಯಿತು. ಸರಿಯಾಗಿ 25 ಚಿನ್ನದ ಪರಮಾಣುಗಳ ಗೊಂಚಲು ಒಡೆಯದೆ, ಒಂದಕ್ಕೊಂದು ಬೆಸೆಯದೆ ಉಳಿಯಬೇಕಾದರೆ ಸುತ್ತಲೂ 18 ಥಯೊಲೇಟ್ ಲಿಗ್ಯಾಂಡ್‌ಗಳ, ಅಂದರೆ ಗಂಧಕದ ಮೂಲಕ ಚಿನ್ನಕ್ಕೆ ಅಂಟಿಕೊಳ್ಳುವ ಅಣುಗಳ, ಹೊದಿಕೆ ಬೇಕು. ಹಾಪ್ಕಲೈಟಿಗೆ ನೀರಿನಂತೆ, ಚಿನ್ನದ ಜಾಗ ಹಿಡಿದ ಆ ಹೊದಿಕೆಯೇ ಈಗ ಅಡ್ಡಿ.

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ತಂಡ 2014ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿತು. ಸೀರಿಯಂ ಆಕ್ಸೈಡಿನ ಮೇಲಿಟ್ಟ, ಹೊದಿಕೆ ಪೂರ್ತಿಯಾಗಿದ್ದ ಗೊಂಚಲಿಗೆ ಮೊನಾಕ್ಸೈಡ್ ಅಂಟಲೇ ಇಲ್ಲ. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಚಿನ್ನ ಆಕ್ಸೈಡನ್ನು ಮುಟ್ಟುವ ಅಂಚಿನಿಂದಲೇ ಲಿಗ್ಯಾಂಡ್‌ಗಳು ಕಳಚತೊಡಗಿದವು. ಬಯಲಾದ ಚಿನ್ನದ ಮೇಲೆ ಮೊನಾಕ್ಸೈಡ್ ಕೂತಿತು. ಆಮ್ಲಜನಕ ಒದಗಿಸಿದ್ದು ಕೆಳಗಿನ ಆಕ್ಸೈಡ್. ಅಲ್ಲಲ್ಲಿ ಕಳಚಿದಷ್ಟಕ್ಕೇ ಕೆಲಸ ಆರಂಭವಾಗುತ್ತದೆ ಎಂಬುದು ನನಗೆ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾದ ಭಾಗ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ, ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಹಿಡಿದ ದಾರಿ ಬೇರೆ. ಸೀರಿಯಂ, ಪಲ್ಲಾಡಿಯಂ ಲವಣಗಳು ಮತ್ತು ಇಂಧನದ ದ್ರಾವಣವನ್ನು ಕುಲುಮೆಯಲ್ಲಿ ಹೊತ್ತಿಸಿದರೆ ಕೆಲವೇ ನಿಮಿಷಗಳಲ್ಲಿ ಆಕ್ಸೈಡಿನ ನಯವಾದ ಪುಡಿ ಸಿದ್ಧ. ಆ ಪುಡಿಯಲ್ಲಿ ಪಲ್ಲಾಡಿಯಂ ಕಣವಾಗಿ ಮೇಲೆ ಕೂರುವುದಿಲ್ಲ. ಅಯಾನಾಗಿ ಸೀರಿಯಂ ಆಕ್ಸೈಡಿನ ಜಾಲದೊಳಗೇ ನೆಲೆಸುತ್ತದೆ. ಅದನ್ನು ಹಿಡಿದಿಡಲು ಲಿಗ್ಯಾಂಡಿನ ಹೊದಿಕೆ ಬೇಕಿಲ್ಲ, ಸುತ್ತಲಿನ ಆಮ್ಲಜನಕವೇ ಸಾಕು.