ಇಪ್ಪತ್ತೆಂಟಕ್ಕೇ ಮುಗಿದ ಆಟ: ವಾನ್ ಬಾಸ್ಟನ್ ಕಾಲಿನ ಕಥೆ

ಜರ್ಮನಿಯ ಮ್ಯೂನಿಕ್ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಡಚ್ ಆಟಗಾರ ಮಾರ್ಕೊ ವಾನ್ ಬಾಸ್ಟನ್ ಎರಡು ಮಹತ್ವದ ಅಂತಿಮ ಪಂದ್ಯಗಳನ್ನು ಆಡಿದರು. 1988ರ ಜೂನ್ 25ರಂದು ನಡೆದ ಮೊದಲನೆಯದು ಅವರನ್ನು ಕಾಲ್ಚೆಂಡಾಟದ ಇತಿಹಾಸದಲ್ಲಿ ಚಿರಸ್ಥಾಯಿಯಾಗಿಸಿತು. 1993ರ ಮೇ 26ರಂದು ನಡೆದ ಎರಡನೆಯದು ಅವರ ಬಾಳಿನ ಕೊನೆಯ ಅಧಿಕೃತ ಪಂದ್ಯವಾಯಿತು. ಆಗ ಅವರಿಗೆ ಕೇವಲ 28 ವರ್ಷ.

ವಾನ್ ಬಾಸ್ಟನ್ ಜನಿಸಿದ್ದು 1964ರಲ್ಲಿ, ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿ. 1982ರಲ್ಲಿ, ಹದಿನೇಳರ ಹರೆಯದಲ್ಲಿ, ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ತಂಡದ ಪರವಾಗಿ ಅವರು ಮೊದಲ ಬಾರಿಗೆ ಕಣಕ್ಕಿಳಿದದ್ದು ಮಹಾನ್ ಆಟಗಾರ ಯೊಹಾನ್ ಕ್ರೈಫ್ ಅವರ ಬದಲಿಗನಾಗಿ. 1985–86ರ ಲೀಗಿನಲ್ಲಿ 26 ಪಂದ್ಯಗಳಿಂದ 37 ಗೋಲುಗಳನ್ನು ಗಳಿಸಿದರು. ಎತ್ತರದ ನಿಲುವು, ಎರಡೂ ಕಾಲುಗಳಲ್ಲಿ ಸಮಾನ ಹಿಡಿತ, ನರ್ತಕನ ಸಮತೋಲನ ಇವೆಲ್ಲವೂ ಒಬ್ಬರಲ್ಲೇ ಕೂಡಿಬಂದದ್ದು ಅಪರೂಪ.

1986ರ ಡಿಸೆಂಬರಿನಲ್ಲಿ ಗ್ರೋನಿಂಗನ್ ತಂಡದ ವಿರುದ್ಧ ಚೆಂಡಿಗಾಗಿ ನಡೆದ ಸೆಣಸಾಟದಲ್ಲಿ ಅವರ ಕಣಕಾಲಿನ ಗಂಟಿಗೆ ಪೆಟ್ಟಾಯಿತು. ಅದು ಪೂರ್ಣವಾಗಿ ವಾಸಿಯಾಗುವ ಮೊದಲೇ ಅವರು ಆಟಕ್ಕೆ ಮರಳಿದರು. ಮುಂದೆ ಅವರೇ ಹೇಳಿಕೊಂಡಂತೆ, ಅಂದು ತರಬೇತುದಾರರಾಗಿದ್ದ ಕ್ರೈಫ್ ಅವರೊಂದಿಗೆ ಒಂದು ಒಪ್ಪಂದವಾಗಿತ್ತು: ಕೆಲವು ಪಂದ್ಯಗಳಿಂದ ವಿನಾಯಿತಿ ಉಂಟು, ಆದರೆ ಯುರೋಪಿನ ಅಂತಿಮ ಪಂದ್ಯದಲ್ಲಿ ಆಡಲೇಬೇಕು. 1987ರ ಮೇ ತಿಂಗಳಲ್ಲಿ ಅಥೆನ್ಸಿನಲ್ಲಿ ಆ ಪಂದ್ಯ ನಡೆಯಿತು. ಏಕೈಕ ಗೋಲು ಹೊಡೆದು ಕಪ್ ಗೆದ್ದುಕೊಟ್ಟವರು ವಾನ್ ಬಾಸ್ಟನ್ನರೇ. ಕಪ್ ಕಪಾಟು ಸೇರಿತು, ನೋವು ಕಾಲಿನಲ್ಲೇ ಉಳಿಯಿತು.

ಅದೇ ವರ್ಷ ಇಟಲಿಯ ಮಿಲಾನ್ ತಂಡವನ್ನು ಸೇರಿದರೂ ಶಸ್ತ್ರಚಿಕಿತ್ಸೆಯ ಕಾರಣ ಮೊದಲ ಋತುವಿನ ಲೀಗಿನಲ್ಲಿ 11 ಪಂದ್ಯಗಳಷ್ಟೇ ದಕ್ಕಿದವು. 1988ರ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ಹೋದಾಗ ಮೊದಲ ಪಂದ್ಯದ ಆರಂಭದಲ್ಲಿ ಅವರಿಗೆ ಬದಲಿಗರ ಬೆಂಚೇ ಗತಿ. ಎರಡನೆಯ ಪಂದ್ಯದಲ್ಲಿ ಇಂಗ್ಲೆಂಡಿನ ವಿರುದ್ಧ ಮೂರು ಗೋಲು; ಉಪಾಂತ್ಯದಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ಗೆಲುವಿನ ಗೋಲು. ಸೋವಿಯತ್ ಒಕ್ಕೂಟದ ವಿರುದ್ಧದ ಅಂತಿಮ ಪಂದ್ಯದಲ್ಲಿ ಮ್ಯೂರೆನ್ ಎಡಗಡೆಯಿಂದ ಎತ್ತಿ ಕಳುಹಿಸಿದ ಚೆಂಡು ಬಲಮೂಲೆಯ ಕಡೆಗೆ ಇಳಿಯುತ್ತಿರುವಾಗಲೇ, ನೆಲ ಮುಟ್ಟಗೊಡದೆ, ಕೋನವೇ ಇಲ್ಲವೆನ್ನಿಸುವ ಜಾಗದಿಂದ ಅವರು ಬೀಸಿ ಹೊಡೆದರು. ವಿಶ್ವವಿಖ್ಯಾತ ಗೋಲಿ ದಸಾಯೆವ್ ಅವರ ತಲೆಯ ಮೇಲಿಂದ ಚೆಂಡು ಬಲೆ ಸೇರಿತು.

ಮುಂದಿನ ನಾಲ್ಕು ವರ್ಷಗಳು ವೈಭವದವು. ಮಿಲಾನ್ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. 1988, 1989 ಮತ್ತು 1992ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಆಗ ಸಲ್ಲುತ್ತಿದ್ದ ಬಾಲನ್ ಡಿ'ಓರ್ ಪ್ರಶಸ್ತಿ ಅವರದಾಯಿತು. 1992ರ ನವೆಂಬರಿನಲ್ಲಿ ಗೊಟೆನ್‌ಬರ್ಗ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದರು. ಮರುತಿಂಗಳೇ ಮತ್ತೆ ಶಸ್ತ್ರಚಿಕಿತ್ಸೆ.

ಗಂಟಿನಲ್ಲಿ ಎಲುಬುಗಳು ಒಂದಕ್ಕೊಂದು ಉಜ್ಜದಂತೆ ಕಾಪಾಡುವುದು ಅವುಗಳ ತುದಿಗಳನ್ನು ಹೊದ್ದ ನುಣುಪಾದ ಮೃದ್ವಸ್ಥಿ. ಅದಕ್ಕೆ ರಕ್ತನಾಳಗಳಿಲ್ಲ, ಆದ್ದರಿಂದ ಒಮ್ಮೆ ಸವೆದರೆ ಚರ್ಮದ ಗಾಯದಂತೆ ಅದು ತಾನಾಗಿ ಮಾಗುವುದಿಲ್ಲ. ಸವೆದ ಗಂಟಿನ ಮೇಲೆ ಪ್ರತಿ ಜಿಗಿತವೂ ಪ್ರತಿ ತಿರುವೂ ಹೊಸ ಪೆಟ್ಟು.

1993ರ ವಸಂತದಲ್ಲಿ ಹಿಂದಿರುಗಿ, ಮ್ಯೂನಿಕ್‌ನಲ್ಲಿ ಮಾರ್ಸೆಯ ತಂಡದ ವಿರುದ್ಧ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯ ಆಡಿದರು. ಮಿಲಾನ್ 0–1ರಿಂದ ಸೋತಿತು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ವಾನ್ ಬಾಸ್ಟನ್ ಅವರನ್ನು ಹೊರಕರೆಯಲಾಯಿತು. ಬಳಿಕ ಮತ್ತೊಂದು ಶಸ್ತ್ರಚಿಕಿತ್ಸೆ, ಎರಡು ವರ್ಷಗಳ ಕಾಯುವಿಕೆ. ರಾತ್ರಿ ಕಾಲೂರಲಾರದೆ ಸ್ನಾನದ ಕೋಣೆಗೆ ತೆವಳುತ್ತ ಹೋಗುತ್ತಿದ್ದುದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. 1995ರ ಆಗಸ್ಟಿನಲ್ಲಿ ನಿವೃತ್ತಿ ಸಾರಿ, ಸಾನ್ ಸಿರೊ ಕ್ರೀಡಾಂಗಣಕ್ಕೆ ಸುತ್ತು ಬಂದು ಪ್ರೇಕ್ಷಕರಿಗೆ ಕೈಬೀಸಿದಾಗ, ಕಠೋರರೆಂದೇ ಹೆಸರಾದ ತರಬೇತುದಾರ ಕಪೆಲ್ಲೊ ಕಣ್ಣೀರಿಟ್ಟರು. ಕೊನೆಗೆ ಗಂಟಿನ ಎಲುಬುಗಳನ್ನು ಬೆಸೆದ ಮೇಲೆಯೇ ನೋವು ತಗ್ಗಿತು. ಗಂಟಿನ ಚಲನೆಯೇ ಅದಕ್ಕೆ ತೆತ್ತ ಬೆಲೆ.

ಹಿಂದಿನಿಂದ ಬಂದು ಕಾಲಿಗೆ ಹೊಡೆಯುವ ಎದುರಾಳಿಗಳೂ ಈ ಹಾನಿಗೆ ಹೊಣೆ. ಎದುರಾಳಿಗೆ ಅಪಾಯ ತರುವ ಅಂತಹ ಹೊಡೆತಕ್ಕೆ ಕೆಂಪು ಕಾರ್ಡ್ ತೋರಿಸಬೇಕೆಂಬ ಸ್ಪಷ್ಟ ನಿಯಮ ಬಂದದ್ದು 1998ರಲ್ಲಿ. ವಾನ್ ಬಾಸ್ಟನ್ ಬೂಟು ಕಳಚಿದ ಮೇಲೆ. ಆದರೆ ನಿಯಮವು ಎದುರಾಳಿಯನ್ನು ಮಾತ್ರ ತಡೆಯಬಲ್ಲುದು. 'ಇದೊಂದು ಪಂದ್ಯ ಆಡಿಬಿಡು' ಎನ್ನುವ ಸ್ವಂತ ತಂಡದವರನ್ನು ತಡೆಯುವ ಕಾರ್ಡು ಯಾವ ರೆಫರಿಯ ಜೇಬಿನಲ್ಲಿಯೂ ಇಲ್ಲ.

ಕಾಲ್ಚೆಂಡಾಟವೆಂದರೆ ಪ್ರಾಣ ಬಿಡುವ ನಮ್ಮ ಕಾಸರಗೋಡು ಸೀಮೆಗೆ ಈ ಮಾತು ದೂರದ್ದಲ್ಲ. ಕೊಯ್ಲು ಮುಗಿದ ಗದ್ದೆಗಳಲ್ಲಿ, ಸೆವೆನ್ಸ್ ಪಂದ್ಯಾಟಗಳ ದೀಪದ ಬೆಳಕಿನಲ್ಲಿ, ಉಳುಕಿದ ಕಾಲಿಗೆ ಬಟ್ಟೆ ಸುತ್ತಿಕೊಂಡು ಓಡುವ ಹುಡುಗರು ಇಂದಿಗೂ ಉಂಟು. ಅವರ ಧೈರ್ಯಕ್ಕೆ ಚಪ್ಪಾಳೆ ತಟ್ಟುವ ಮೊದಲು ಬಾವು ಇಳಿದಿದೆಯೇ, ಒಂಟಿಕಾಲಿನಲ್ಲಿ ನೋವಿಲ್ಲದೆ ನಿಂತು ಜಿಗಿಯಬಲ್ಲರೇ ಎಂದು ಯಾರಾದರೂ ಹಿರಿಯರು ಕೇಳಬೇಕು. ಇಲ್ಲವೆಂದಾದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಅಂದಿನ ಪಂದ್ಯ ಸೋತರೂ ಚಿಂತೆಯಿಲ್ಲ.